ಪಾಲಿಲ್ಲದ ದಾಯಾದಿಗಳು

1836ರಲ್ಲಿ ವಾಷಿಂಗ್ಟನ್ ನಗರದಲ್ಲಿ ಒಂದು ಕಾದಂಬರಿ ಅಚ್ಚಾಯಿತು. ಅದರ ಮೊದಲ ಪುಟದಲ್ಲಿ ಇದ್ದದ್ದು 1856 ಎಂಬ ಇಸವಿ. ಲೇಖಕನ ಹೆಸರೂ ಕಟ್ಟಿದ್ದೇ. ‘ದಿ ಪಾರ್ಟಿಸನ್ ಲೀಡರ್’ ಎಂಬ ಆ ಪುಸ್ತಕದ ಕತೆ ನಡೆಯುವುದು 1849ರಲ್ಲಿ. ದಕ್ಷಿಣದ ರಾಜ್ಯಗಳು ಅಮೆರಿಕದ ಒಕ್ಕೂಟ ಬಿಟ್ಟು ಹೊರನಡೆದಿವೆ, ವರ್ಜೀನಿಯಾ ಎತ್ತ ವಾಲುವುದೋ ತಿಳಿಯದು, ಟ್ರೆವರ್ ಮನೆತನದ ಅಣ್ಣತಮ್ಮಂದಿರಾದ ಓವನ್ ಮತ್ತು ಡಗ್ಲಸ್ ಎದುರುಬದುರು ಪಡೆಗಳಲ್ಲಿ ನಿಂತಿದ್ದಾರೆ. ನಿಜವಾದ ಯುದ್ಧಕ್ಕೆ ಆಗಿನ್ನೂ ಇಪ್ಪತ್ತೈದು ವರ್ಷವಿತ್ತು. ಅದು ಬಂದಾಗ, 1861ರಲ್ಲಿ, ನ್ಯೂಯಾರ್ಕಿನವರು ಈ ಕಾದಂಬರಿಯನ್ನು ದಕ್ಷಿಣದ ಹಳೆಯ ಪಿತೂರಿಗೆ ಸಾಕ್ಷಿಯೆಂದು ಮರುಮುದ್ರಿಸಿದರು. ಮರುವರ್ಷ ರಿಚ್ಮಂಡಿನಲ್ಲೂ ಅದು ಮತ್ತೆ ಅಚ್ಚಾಯಿತು, ಅಲ್ಲಿನವರ ಹೆಮ್ಮೆಗಾಗಿ.

ಬರೆದವನು ನಥಾನಿಯಲ್ ಬೆವರ್ಲಿ ಟಕರ್, ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಕಾನೂನು ಕಲಿಸುತ್ತಿದ್ದ ಪ್ರಾಧ್ಯಾಪಕ. ಮನೆ ಒಡೆಯುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನ ತಂದೆ ಸೇಂಟ್ ಜಾರ್ಜ್ ಟಕರ್ 1796ರಲ್ಲಿಯೇ ಗುಲಾಮಗಿರಿಯನ್ನು ಹಂತಹಂತವಾಗಿ ತೊಡೆದುಹಾಕುವ ಯೋಜನೆಯೊಂದನ್ನು ಬರೆದು ಪ್ರಕಟಿಸಿದ್ದ. ತಾಯಿಯ ಮೊದಲ ಮದುವೆಯ ಮಗ ರಿಚರ್ಡ್ ರ‍್ಯಾಂಡಲ್ಫ್ ತನ್ನ ಗುಲಾಮರನ್ನೆಲ್ಲ ಬಿಡುಗಡೆ ಮಾಡಿ ಅವರಿಗೆ ಭೂಮಿ ಕೊಡಬೇಕೆಂದು ಉಯಿಲು ಬರೆದಿಟ್ಟು ಕಣ್ಣುಮುಚ್ಚಿದ. ಅದೇ ತಾಯಿಯ ಇನ್ನೊಬ್ಬ ಮಗ, ಸಂಸತ್ತಿನಲ್ಲಿ ಹೆಸರು ಮಾಡಿದ್ದ ಜಾನ್ ರ‍್ಯಾಂಡಲ್ಫ್, ಬಿಟ್ಟುಹೋದ ಉಯಿಲುಗಳ ಬಗ್ಗೆ ಕೋರ್ಟಿನಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆದು, ಕಡೆಗೆ ಸುಮಾರು ನಾಲ್ಕುನೂರು ಮಂದಿ ಸ್ವತಂತ್ರರಾಗಿ 1846ರಲ್ಲಿ ಒಹಾಯೋ ರಾಜ್ಯಕ್ಕೆ ಹೊರಟರು. ಬೆವರ್ಲಿ ಮಾತ್ರ ಗುಲಾಮಗಿರಿ ಒಳ್ಳೆಯ ವ್ಯವಸ್ಥೆಯೆಂದೇ ಕೊನೆಯವರೆಗೂ ವಾದಿಸಿದ. ಮನೆಯಲ್ಲೇ ಇಷ್ಟು ಸರಕು ಇದ್ದರೂ ಅವನ ಕಾದಂಬರಿಯ ಸೋದರರು ಬೇರೆಯಾಗುವುದು ಸುಂಕ, ರಾಜ್ಯಗಳ ಹಕ್ಕು, ಅಧ್ಯಕ್ಷನ ದರ್ಪ ಇವುಗಳ ಮೇಲೆ. ಗುಲಾಮರು ಅಲ್ಲಿ ಒಡೆಯನಿಗಾಗಿ ಜೀವ ಬಿಡಲು ಸಿದ್ಧರಿರುವ ಆಳುಗಳು. ತನ್ನ ಮನೆಯನ್ನು ನಿಜವಾಗಿ ಒಡೆದ ಪ್ರಶ್ನೆಯನ್ನು ಟಕರ್ ಕತೆಯ ಹೊಸ್ತಿಲ ಆಚೆಗೇ ನಿಲ್ಲಿಸಿದ.

ಅಂತರ್ಯುದ್ಧದ ಮುಂಚಿನ ದಕ್ಷಿಣದ ಕುಟುಂಬಗಳ ಬಗ್ಗೆ ಅಲ್ಲಿಂದೀಚೆಗೆ ಬಂದ ಕಾದಂಬರಿಗಳನ್ನು ಸಾಲಾಗಿ ಓದುತ್ತಾ ಹೋದರೆ ಕಾಣುವುದು ಇದೇ: ಹೊರಗೆ ನಿಲ್ಲಿಸಿದ ಆ ಪ್ರಶ್ನೆ ಎಷ್ಟು ನಿಧಾನವಾಗಿ, ಎಷ್ಟು ಕಷ್ಟಪಟ್ಟು ಒಳಗೆ ಬಂತು ಎಂಬ ಕತೆ.

ಅಣ್ಣತಮ್ಮಂದಿರು ಎದುರಾಳಿಗಳಾದದ್ದು ಕಾದಂಬರಿಕಾರರ ಕಲ್ಪನೆಯೇನೂ ಆಗಿರಲಿಲ್ಲ. ಕೆಂಟಕಿಯ ಸೆನೆಟರ್ ಜಾನ್ ಕ್ರಿಟೆಂಡನ್ 1860ರ ಡಿಸೆಂಬರಿನಲ್ಲಿ ಉತ್ತರ ದಕ್ಷಿಣಗಳ ನಡುವೆ ರಾಜಿಸೂತ್ರವೊಂದನ್ನು ಮುಂದಿಟ್ಟ ಮನುಷ್ಯ. ರಾಜಿ ಮುರಿಯಿತು. ಅವನ ಒಬ್ಬ ಮಗ ಥಾಮಸ್ ಒಕ್ಕೂಟದ ಸೇನೆಯಲ್ಲಿ ಜನರಲ್ ಆದ, ಇನ್ನೊಬ್ಬ ಮಗ ಜಾರ್ಜ್ ದಕ್ಷಿಣದ ಕಾನ್ಫೆಡರಸಿಯ ಸೇನೆಯಲ್ಲಿ ಜನರಲ್ ಆದ. ಅಧ್ಯಕ್ಷ ಲಿಂಕನ್‌ನ ಹೆಂಡತಿ ಮೇರಿ ಟಾಡ್ ಹುಟ್ಟಿದ್ದೂ ಕೆಂಟಕಿಯ ಲೆಕ್ಸಿಂಗ್ಟನ್ನಿನ ಗುಲಾಮರಿದ್ದ ಮನೆಯಲ್ಲಿ. ಅವಳ ಮಲತಮ್ಮಂದಿರಲ್ಲಿ ಇಬ್ಬರು ದಕ್ಷಿಣದ ಪರ ಹೋರಾಡಿ 1862ರಲ್ಲಿ ಸತ್ತರು, ಸ್ಯಾಮ್ಯುಯೆಲ್ ಶೈಲೋದಲ್ಲಿ, ಅಲೆಕ್ಸಾಂಡರ್ ಬ್ಯಾಟನ್ ರೂಜ್‌ನಲ್ಲಿ. ಮಲತಂಗಿ ಎಮಿಲಿಯ ಗಂಡ ಬೆಂಜಮಿನ್ ಹಾರ್ಡಿನ್ ಹೆಲ್ಮ್‌ಗೆ ಲಿಂಕನ್ ತನ್ನ ಸೇನೆಯಲ್ಲಿ ಸಂಬಳ ಬಟವಾಡೆಯ ಹುದ್ದೆ ಕೊಡಲು ಮುಂದಾಗಿದ್ದ. ಹೆಲ್ಮ್ ಒಲ್ಲೆನೆಂದು ದಕ್ಷಿಣಕ್ಕೆ ಹೋಗಿ 1863ರಲ್ಲಿ ಚಿಕಮಾಗದ ಕಾಳಗದಲ್ಲಿ ಬಿದ್ದ. ಅದೇ ಚಳಿಗಾಲದಲ್ಲಿ ವಿಧವೆ ಎಮಿಲಿ ಶ್ವೇತಭವನದಲ್ಲಿ, ಅಕ್ಕನ ಮನೆಯಲ್ಲಿ, ಕೆಲವು ದಿನ ಇದ್ದಳು.

ವರ್ಜೀನಿಯಾದವನೇ ಆದ ಜನರಲ್ ಜಾರ್ಜ್ ಥಾಮಸ್ ಒಕ್ಕೂಟದ ಪಕ್ಷದಲ್ಲೇ ಉಳಿದಾಗ ಊರಲ್ಲಿದ್ದ ಅಕ್ಕತಂಗಿಯರು ಅವನ ಚಿತ್ರವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟರೆಂಬ ಮಾತು ಈಗಲೂ ಬಳಕೆಯಲ್ಲಿದೆ. ದಕ್ಷಿಣದ ಕುದುರೆಪಡೆಯ ನಾಯಕ ಜೆಬ್ ಸ್ಟುವರ್ಟ್ ತನ್ನ ಮಗನಿಗೆ ಮಾವನ ಹೆಸರಿಟ್ಟಿದ್ದ. ಮಾವ ಫಿಲಿಪ್ ಸೇಂಟ್ ಜಾರ್ಜ್ ಕುಕ್ ಒಕ್ಕೂಟವನ್ನು ಬಿಡಲಿಲ್ಲವೆಂದು ಗೊತ್ತಾದ ಮೇಲೆ ಆ ಮಗುವಿನ ಹೆಸರನ್ನೇ ಬದಲಿಸಿದ. ರಾಬರ್ಟ್ ಲೀ ಸೇನೆಗೆ ರಾಜೀನಾಮೆ ಕೊಟ್ಟ 1861ರ ಏಪ್ರಿಲ್ 20ರಂದು ಬಾಲ್ಟಿಮೋರಿನಲ್ಲಿದ್ದ ಅಕ್ಕ ಆನ್‌ಗೆ ಕಾಗದ ಬರೆದ. ಆಕೆ ಒಕ್ಕೂಟದ ಪರ, ಆಕೆಯ ಮಗನೂ ಒಕ್ಕೂಟದ ಸೇನೆಯಲ್ಲಿ.

ಚರಿತ್ರಕಾರ್ತಿ ಏಮಿ ಮರೆಲ್ ಟೇಲರ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ಮನೆಗಳನ್ನೇ ಕುರಿತದ್ದು. ಕೆಂಟಕಿ, ಮೇರಿಲ್ಯಾಂಡ್, ಮಿಸೌರಿ, ವರ್ಜೀನಿಯಾ, ಟೆನೆಸಿಗಳಂಥ ಗಡಿಸೀಮೆಯ ಕುಟುಂಬಗಳ ಕಾಗದಪತ್ರಗಳನ್ನು ಓದಿ, ತಂದೆಮಕ್ಕಳ, ಗಂಡಹೆಂಡಿರ, ಒಡಹುಟ್ಟಿದವರ ವೈಮನಸ್ಯ ಹೇಗೆ ನಡೆಯಿತೆಂದು ಆಕೆ ತೋರಿಸುತ್ತಾರೆ. ರಾಷ್ಟ್ರವೇ ಒಂದು ಮನೆ, ಯುದ್ಧವೆಂದರೆ ಮನೆಜಗಳ ಎಂಬ ಹೋಲಿಕೆ ಆ ಕಾಲದಲ್ಲೇ ಜನರ ಬಾಯಲ್ಲಿತ್ತು. 1858ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಲಿಂಕನ್ ಬೈಬಲಿನ ಒಡೆದ ಮನೆಯ ಮಾತನ್ನು ಎತ್ತಿಕೊಂಡಾಗ ಕೇಳಿದವರಿಗೆ ಅದು ಹೊಸದೇನೂ ಆಗಿರಲಿಲ್ಲ. ಆದರೆ ಈ ಹೋಲಿಕೆಗೆ ಒಂದು ಅಪಾಯವಿತ್ತು. ಮನೆಜಗಳ ಎಂದ ಕೂಡಲೇ ಅದು ಒಳಗಿನವರ ವಿಷಯವಾಗುತ್ತದೆ, ಒಂದು ದಿನ ರಾಜಿಯಾಗುವ ವಿಷಯವಾಗುತ್ತದೆ. ಮನೆಯೊಳಗೇ ಹುಟ್ಟಿ ಮನೆಯವರೆನ್ನಿಸಿಕೊಳ್ಳದ ಮಂದಿ ಲೆಕ್ಕದಿಂದ ತಪ್ಪಿಹೋಗುತ್ತಾರೆ.

ಆ ಮಂದಿ ಯಾರು? 1662ರಲ್ಲಿ ವರ್ಜೀನಿಯಾದ ಶಾಸನಸಭೆ ಒಂದು ಕಾಯಿದೆ ಮಾಡಿತು: ಮಗು ಸ್ವತಂತ್ರವೋ ಗುಲಾಮವೋ ಎಂಬುದು ತಾಯಿಯ ಸ್ಥಿತಿಯಂತೆ ತೀರ್ಮಾನವಾಗಬೇಕು. ಇಂಗ್ಲೆಂಡಿನ ರೂಢಿಯಲ್ಲಿ ಮಗುವಿಗೆ ತಂದೆಯ ಸ್ಥಾನ ಸಿಗುತ್ತಿತ್ತು. ಇಲ್ಲಿ ಅದನ್ನು ಬೇಕೆಂದೇ ತಿರುವುಮುರುವು ಮಾಡಲಾಯಿತು. ಹೀಗೆ ತೋಟದ ಒಡೆಯನಿಗೆ ಗುಲಾಮಳಲ್ಲಿ ಹುಟ್ಟಿದ ಮಗು ಅವನ ಮಗುವೂ ಹೌದು, ಅವನ ಸೊತ್ತೂ ಹೌದು. ಒಡೆಯ ಸತ್ತರೆ ಮದುವೆಯಾದ ಹೆಂಡತಿಯ ಮಕ್ಕಳಿಗೆ ಹೊಲ, ಮನೆ, ಕುದುರೆಗಳ ಜೊತೆಗೆ ತಮ್ಮ ಒಡಹುಟ್ಟಿದವರೂ ಪಾಲಿಗೆ ಬರುತ್ತಿದ್ದರು. ನಮ್ಮಲ್ಲಿ ಅಪ್ಪನ ಆಸ್ತಿಗೆ ಹಕ್ಕುದಾರನಾದವನು ದಾಯಾದಿ. ಅಲ್ಲಿ ರಕ್ತದ ದಾಯಾದಿಯೇ ಆಸ್ತಿಯ ಪಟ್ಟಿಯಲ್ಲಿ ಒಂದು ಸಾಲಾಗಿದ್ದ. ಸಮ್ಟರ್ ಕೋಟೆಯ ಮೇಲೆ ಯುದ್ಧದ ಮೊದಲ ಗುಂಡು ಬೀಳುವ ಸುಮಾರು ಇನ್ನೂರು ವರ್ಷ ಮೊದಲೇ ದಕ್ಷಿಣದ ಮನೆ ಈ ರೀತಿಯಲ್ಲಿ ಎರಡಾಗಿತ್ತು.

ಈ ಎರಡು ಒಡಕುಗಳೂ ಒಂದೇ ಸೂರಿನಡಿ ಕಾಣುವ ಮನೆತನ ಬಟ್ಲರ್‌ರದು. ಜಾರ್ಜಿಯಾದ ಕರಾವಳಿಯಲ್ಲಿ ಭತ್ತ ಮತ್ತು ಹತ್ತಿಯ ದೊಡ್ಡ ಜಮೀನುಗಳಿದ್ದ ಪಿಯರ್ಸ್ ಬಟ್ಲರ್ ಇಂಗ್ಲೆಂಡಿನ ಹೆಸರಾಂತ ನಟಿ ಫ್ಯಾನಿ ಕೆಂಬಲ್‌ಳನ್ನು ಮದುವೆಯಾದ. ತೋಟದಲ್ಲಿ ಕೆಲವು ತಿಂಗಳು ಕಳೆದ ಆಕೆಗೆ ಅಲ್ಲಿ ಕಂಡದ್ದನ್ನು ನುಂಗಿಕೊಳ್ಳಲಾಗಲಿಲ್ಲ. 1849ರಲ್ಲಿ ವಿಚ್ಛೇದನವಾಯಿತು. ಸಾಲದಲ್ಲಿ ಮುಳುಗಿದ ಬಟ್ಲರ್ 1859ರ ಮಾರ್ಚಿನಲ್ಲಿ ಸವಾನಾ ನಗರದ ಕುದುರೆ ಜೂಜಿನ ಮೈದಾನದಲ್ಲಿ ಎರಡು ದಿನ ಹರಾಜು ಹಾಕಿ ನಾಲ್ಕುನೂರಕ್ಕೂ ಹೆಚ್ಚು ಮನುಷ್ಯರನ್ನು ಮಾರಿದ. ಅವರ ಸಂತತಿಯವರಿಗೆ ಆ ದಿನಗಳು ಇಂದಿಗೂ ಅಳುವಿನ ಹೊತ್ತು. ಯುದ್ಧ ಬಂದಾಗ ಅವನ ಹಿರಿಯ ಮಗಳು ಸಾರಾ ತಾಯಿಯಂತೆ ಉತ್ತರದ ಪರ ನಿಂತಳು, ಕಿರಿಯಳು ಫ್ರಾನ್ಸಿಸ್ ತಂದೆಯ ಜೊತೆ ದಕ್ಷಿಣದ ಪರ. ಇಬ್ಬರು ಅಕ್ಕತಂಗಿಯರ ಮುನಿಸು ಕಾದಂಬರಿಗೆ ಒಳ್ಳೆಯ ವಸ್ತು ಎನ್ನಿಸಬಹುದು. ಆದರೆ ಮೈದಾನದಲ್ಲಿ ಬೇರೆ ಬೇರೆ ಬಂಡಿ ಹತ್ತಿದ ಅಕ್ಕತಂಗಿಯರು ಎಷ್ಟೋ ಮಂದಿ. ಬಹುಕಾಲ ಕಾದಂಬರಿಗಳು ಮೊದಲಿನ ಜೋಡಿಯ ಮೇಲಷ್ಟೇ ಕಣ್ಣಿಟ್ಟವು.

ಹ್ಯಾರಿಯೆಟ್ ಬೀಚರ್ ಸ್ಟೋವ್‌ಳ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಇದಕ್ಕೆ ದೊಡ್ಡ ಅಪವಾದ. 1852ರಲ್ಲಿ ಪುಸ್ತಕವಾಗಿ ಬಂದು ಅಮೆರಿಕದಲ್ಲೇ ಮೊದಲ ವರ್ಷ ಮೂರು ಲಕ್ಷ ಪ್ರತಿ ಖರ್ಚಾದ ಈ ಕೃತಿ ಶುರುವಾಗುವುದು ಕೆಂಟಕಿಯ ಶೆಲ್ಬಿ ಮನೆಯ ಸಾಲದಿಂದ. ಯಜಮಾನ ತನ್ನ ಗುಲಾಮ ಟಾಮನನ್ನೂ ಪುಟ್ಟ ಹುಡುಗ ಹ್ಯಾರಿಯನ್ನೂ ಮಾರಲು ಒಪ್ಪುತ್ತಾನೆ, ಹೆಂಡತಿ ಕೊರಗುತ್ತಾಳೆ, ಮಗ ಜಾರ್ಜ್ ಅಪ್ಪನ ತಪ್ಪನ್ನು ತಿದ್ದುವೆನೆಂದು ಹೊರಡುತ್ತಾನೆ. ದಕ್ಷಿಣದಿಂದ ಇದಕ್ಕೆ ಪ್ರತ್ಯುತ್ತರವಾಗಿ ಕಾದಂಬರಿಗಳ ಸಾಲೇ ಬಂತು. ಮೇರಿ ಈಸ್ಟ್‌ಮನ್‌ಳ ‘ಆಂಟ್ ಫಿಲ್ಲಿಸಸ್ ಕ್ಯಾಬಿನ್’ ಅದೇ ವರ್ಷದ್ದು. ಕ್ಯಾರಲೈನ್ ಲೀ ಹೆಂಟ್ಜ್‌ಳ 1854ರ ಕಾದಂಬರಿಯಲ್ಲಿ ಗುಲಾಮಗಿರಿಯ ವಿರೋಧಿಯ ಮಗಳೊಬ್ಬಳು ದಕ್ಷಿಣದ ತೋಟದೊಡೆಯನನ್ನು ಮದುವೆಯಾಗಿ ಮನಸ್ಸು ಬದಲಿಸುತ್ತಾಳೆ. ಮದುವೆಯ ಮೂಲಕ ರಾಜಕೀಯದ ಗಂಟು ಬಿಡಿಸುವ ಈ ಉಪಾಯ ಮುಂದೆ ಅರ್ಧ ಶತಮಾನ ಬಾಳಿತು.

ಆದರೆ 1853ರಲ್ಲಿ ಲಂಡನ್ನಿನಲ್ಲಿ ಬೇರೆಯೇ ಒಂದು ಪುಸ್ತಕ ಹೊರಬಂದಿತ್ತು: ವಿಲಿಯಂ ವೆಲ್ಸ್ ಬ್ರೌನ್ ಬರೆದ ‘ಕ್ಲೋಟೆಲ್’. ಕಪ್ಪು ಅಮೆರಿಕನ್ನನೊಬ್ಬ ಪ್ರಕಟಿಸಿದ ಮೊದಲ ಕಾದಂಬರಿಯೆಂದು ಅದನ್ನು ಎಣಿಸುತ್ತಾರೆ. ಬ್ರೌನ್ ಗುಲಾಮಗಿರಿಯಿಂದ ತಪ್ಪಿಸಿಕೊಂಡವನು. ಅವನ ತಂದೆ ಅವನ ಒಡೆಯನ ನೆಂಟ. ಅಧ್ಯಕ್ಷ ಜೆಫರ್ಸನ್‌ಗೆ ಗುಲಾಮ ಹೆಣ್ಣಿನಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಹರಾಜಾಗುವುದರಿಂದ ಕತೆ ಮೊದಲಾಗುತ್ತದೆ. ಸ್ವಾತಂತ್ರ್ಯದ ಘೋಷಣೆ ಬರೆದ ಕೈಯವನ ಮನೆಯೇ ಒಡೆದ ಮನೆ ಎಂದು ನೇರವಾಗಿ ಹೇಳುವ ಎದೆಗಾರಿಕೆ ಅದು. ಜೆಫರ್ಸನ್ ಮತ್ತು ಸ್ಯಾಲಿ ಹೆಮಿಂಗ್ಸ್ ಸಂಬಂಧವನ್ನು ಬಾರ್ಬರಾ ಚೇಸ್-ರೀಬೂ 1979ರಲ್ಲಿ ಕಾದಂಬರಿ ಮಾಡಿದಾಗಲೂ ಹಲವು ವಿದ್ವಾಂಸರು ಮುಖ ಗಂಟಿಕ್ಕಿದರು. 1998ರ ಡಿಎನ್‌ಎ ಪರೀಕ್ಷೆಯ ನಂತರ ಹೆಚ್ಚಿನವರು ಒಪ್ಪಿದರು.

ಯುದ್ಧ ಮುಗಿದ ಮೇಲೆ ದೇಶಕ್ಕೆ ರಾಜಿ ಬೇಕಾಗಿತ್ತು, ಓದುಗರಿಗೂ ಬೇಕಾಗಿತ್ತು. ಜಾನ್ ವಿಲಿಯಂ ಡಿಫಾರೆಸ್ಟ್ ಸ್ವತಃ ಒಕ್ಕೂಟದ ಸೇನೆಯಲ್ಲಿ ಕಾದಾಡಿ ಬಂದವನು. ಅವನ 1867ರ ‘ಮಿಸ್ ರಾವೆನೆಲ್ಸ್ ಕನ್ವರ್ಶನ್’ ಇಂದಿಗೂ ಓದಿಸಿಕೊಳ್ಳುತ್ತದೆ. ನ್ಯೂ ಆರ್ಲಿಯನ್ಸಿನ ಡಾಕ್ಟರ್ ರಾವೆನೆಲ್ ಒಕ್ಕೂಟನಿಷ್ಠ, ಅದಕ್ಕಾಗಿ ಊರು ಬಿಟ್ಟು ಬಂದವನು. ಮಗಳು ಲಿಲ್ಲಿ ಹುಟ್ಟೂರಿನ ಬಂಡಾಯವನ್ನು ಎದೆಗೆ ಕಟ್ಟಿಕೊಂಡವಳು. ಒಂದೇ ಮೇಜಿನಲ್ಲಿ ಊಟಕ್ಕೆ ಕೂತ ತಂದೆಮಗಳು ರಾಜಕೀಯದಲ್ಲಿ ಶತ್ರುಗಳಾಗಿಯೂ ಪರಸ್ಪರ ಪ್ರೀತಿ ಬಿಡದಿರುವುದನ್ನು ಅಷ್ಟು ಸಹಜವಾಗಿ ಬರೆದವರು ಆ ತಲೆಮಾರಿನಲ್ಲಿ ಕಡಿಮೆ. ಆಮೇಲೆ ಬಂದವರ ಕೈಯಲ್ಲಿ ಅದು ಸಿದ್ಧ ಅಚ್ಚಾಯಿತು: ದಕ್ಷಿಣದ ಹುಡುಗಿ, ಉತ್ತರದ ಹುಡುಗ, ಯುದ್ಧ, ಕೊನೆಗೆ ಮದುವೆ. 1901ರಲ್ಲಿ ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ವಿನ್ಸ್ಟನ್ ಚರ್ಚಿಲ್‌ನ ‘ದಿ ಕ್ರೈಸಿಸ್’ (ಇವನು ಬ್ರಿಟನ್ನಿನ ಪ್ರಧಾನಿಯಲ್ಲ, ಸೇಂಟ್ ಲೂಯಿಸಿನಲ್ಲಿ ಹುಟ್ಟಿದ ಕಾದಂಬರಿಕಾರ) ಇದೇ ಅಚ್ಚಿನದು. ಮರುವರ್ಷ ಬಂದ ಎಲೆನ್ ಗ್ಲಾಸ್ಗೋಳ ‘ದಿ ಬ್ಯಾಟಲ್-ಗ್ರೌಂಡ್’ ಹೆಚ್ಚು ಪ್ರಾಮಾಣಿಕ. ಅದರಲ್ಲಿ ಒಕ್ಕೂಟ ಬಿಡುವುದನ್ನು ವಿರೋಧಿಸಿದ ಗವರ್ನರ್ ಆಂಬ್ಲರ್ ಕಡೆಗೆ ವರ್ಜೀನಿಯಾಕ್ಕಾಗಿಯೇ ಕತ್ತಿ ಹಿಡಿಯುತ್ತಾನೆ. ಗುಲಾಮರೇ ಇಲ್ಲದ ಗುಡ್ಡಗಾಡಿನ ಬಡವ ಪೈನ್‌ಟಾಪ್ ಯಾರ ಆಸ್ತಿಗಾಗಿ ಹೋರಾಡುತ್ತಿದ್ದಾನೆ ಎಂಬ ಪ್ರಶ್ನೆ ಶ್ರೀಮಂತ ನಾಯಕನ ತಲೆಯನ್ನು ಕೊರೆಯುತ್ತದೆ. 1860ರಲ್ಲಿ ಗುಲಾಮಗಿರಿಯಿದ್ದ ರಾಜ್ಯಗಳ ಬಿಳಿಯರ ಕುಟುಂಬಗಳಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದವು ಸುಮಾರು ನಾಲ್ಕರಲ್ಲಿ ಒಂದು ಮಾತ್ರ.

ಈ ನಡುವೆ ಜಾರ್ಜ್ ವಾಷಿಂಗ್ಟನ್ ಕೇಬಲ್ 1880ರಲ್ಲಿ ಬರೆದ ‘ದಿ ಗ್ರಾಂಡಿಸೀಮ್ಸ್’ ತನ್ನ ಕಾಲವನ್ನು ಮೀರಿ ಹೋಗಿದೆ. ಕತೆಯ ಕಾಲ 1803, ಲೂಸಿಯಾನಾ ಅಮೆರಿಕದ ಕೈಗೆ ಬಂದ ಹೊತ್ತು. ನ್ಯೂ ಆರ್ಲಿಯನ್ಸಿನಲ್ಲಿ ಒಂದೇ ತಂದೆಯ ಇಬ್ಬರು ಮಕ್ಕಳಿಗೆ ಒಂದೇ ಹೆಸರು, ಹಾನರೆ ಗ್ರಾಂಡಿಸೀಮ್. ಒಬ್ಬ ಬಿಳಿಯ, ಮನೆತನದ ಮುಖ್ಯಸ್ಥ. ಇನ್ನೊಬ್ಬ ಮಿಶ್ರವರ್ಣದವನು, ಹಣವಿದೆ, ಮರ್ಯಾದೆಯಿಲ್ಲ. ಹೊಸಬನೊಬ್ಬ ಊರಿಗೆ ಬಂದು ಇಬ್ಬರನ್ನೂ ಒಬ್ಬನೇ ಎಂದು ತಿಳಿದು ಗಲಿಬಿಲಿಗೊಳ್ಳುತ್ತಾನೆ. ಕೇಬಲ್ ಸ್ವತಃ ದಕ್ಷಿಣದ ಸೇನೆಯಲ್ಲಿದ್ದವನು. ಅವನು ಬರೆದದ್ದನ್ನು ಹುಟ್ಟೂರು ಸಹಿಸಲಿಲ್ಲ. ಕೊನೆಗೆ ಉತ್ತರದ ಮ್ಯಾಸಚೂಸೆಟ್ಸ್‌ಗೆ ಹೋಗಿ ನೆಲಸಬೇಕಾಯಿತು.

ಇನ್ನು 1930ರ ದಶಕ. ಈ ಬಗೆಯ ಕಾದಂಬರಿಗೆ ಅದು ಸುಗ್ಗಿಯ ಕಾಲ. ಸ್ಟಾರ್ಕ್ ಯಂಗ್‌ನ ‘ಸೋ ರೆಡ್ ದಿ ರೋಸ್’ 1934ರಲ್ಲಿ ಮಿಸಿಸಿಪಿಯ ನ್ಯಾಚೆಜ್ ಊರಿನ ಎರಡು ಮನೆತನಗಳ ಕತೆಯನ್ನು ಹೇಳಿತು. ಎರಡು ವರ್ಷದ ನಂತರ ಮಾರ್ಗರೆಟ್ ಮಿಚೆಲ್‌ಳ ‘ಗಾನ್ ವಿತ್ ದಿ ವಿಂಡ್’ ಬಂತು, ಬಂದ ವರ್ಷವೇ ಸುಮಾರು ಹತ್ತು ಲಕ್ಷ ಪ್ರತಿ ಹೋದವು, 1937ರಲ್ಲಿ ಪುಲಿಟ್ಜರ್ ಬಂತು, 1939ರ ಸಿನಿಮಾ ಅದನ್ನು ಲೋಕದ ಮೂಲೆಮೂಲೆಗೆ ಮುಟ್ಟಿಸಿತು. ಕತೆ ತೆರೆಯುವುದು 1861ರ ಏಪ್ರಿಲಿನಲ್ಲಿ, ಜಾರ್ಜಿಯಾದ ಟಾರಾ ತೋಟದಲ್ಲಿ. ಮರುದಿನ ವಿಲ್ಕ್ಸ್ ಮನೆಯ ಔತಣದಲ್ಲಿ ಗಂಡಸರೆಲ್ಲ ಯುದ್ಧಕ್ಕಾಗಿ ಕೂಗಾಡುತ್ತಾರೆ, ರೆಟ್ ಬಟ್ಲರ್ ಒಬ್ಬ ಮಾತ್ರ ದಕ್ಷಿಣದಲ್ಲಿ ಒಂದು ಫಿರಂಗಿ ಕಾರ್ಖಾನೆಯಾದರೂ ಇದೆಯೇ ಎಂದು ತಣ್ಣೀರು ಎರಚುತ್ತಾನೆ. ನಾಯಕಿ ಸ್ಕಾರ್ಲೆಟ್‌ಳನ್ನು ಚಿತ್ರಿಸಿದ ಬಗೆಯಲ್ಲಿ ಮಿಚೆಲ್‌ಳ ಶಕ್ತಿ ದೊಡ್ಡದು, ಅನುಮಾನವಿಲ್ಲ. ಆದರೆ ಚರಿತ್ರೆಯ ಜಾರ್ಜಿಯಾ ಆ ಔತಣದಷ್ಟು ಒಮ್ಮತದಲ್ಲಿರಲಿಲ್ಲ. 1861ರ ಜನವರಿ 18ರಂದು ಮಿಲೆಜ್‌ವಿಲ್ಲೆಯ ಸಮಾವೇಶದಲ್ಲಿ ಒಕ್ಕೂಟ ಬಿಡುವ ನಿರ್ಣಯಕ್ಕೆ ಬಿದ್ದ ಮತ 166, ವಿರುದ್ಧ 130. ಮರುದಿನ ಅಂತಿಮ ಮತದಾನದಲ್ಲಿ 208ಕ್ಕೆ 89. ಮುಂದೆ ಕಾನ್ಫೆಡರಸಿಯ ಉಪಾಧ್ಯಕ್ಷನಾದ ಅಲೆಕ್ಸಾಂಡರ್ ಸ್ಟೀಫನ್ಸ್ ಕೂಡ ಅಂದು ಬೇಡವೆಂದವರ ಜೊತೆಗಿದ್ದ. ಅಷ್ಟು ಮನೆಗಳಲ್ಲಿ ಅಷ್ಟು ರಾತ್ರಿ ನಡೆದಿರಬಹುದಾದ ವಾದ ಟಾರಾದ ಊಟದ ಮೇಜಿನಲ್ಲಿ ಕೇಳಿಸುವುದೇ ಇಲ್ಲ. ತೋಟದ ಕಪ್ಪು ಮಕ್ಕಳಲ್ಲಿ ಯಾರಿಗಾದರೂ ಒಡೆಯರ ಮುಖದ ಹೋಲಿಕೆ ಇತ್ತೇ ಎಂಬ ಪ್ರಶ್ನೆಯಂತೂ ಸಾವಿರ ಪುಟಗಳಲ್ಲಿ ಹುಟ್ಟುವುದಿಲ್ಲ.

ಆ ತೋಟಗಳ ಸಂಪತ್ತು ಮುಖ್ಯವಾಗಿ ಹತ್ತಿಯಿಂದ ಬಂದದ್ದು. 1860ರಲ್ಲಿ ಅಮೆರಿಕದ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹತ್ತಿಯದೇ. ಧಾರವಾಡ ಸೀಮೆಗೆ ಈ ಕತೆಯ ನಂಟಿರುವುದು ಇಲ್ಲಿ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣದಿಂದ ಬೆಳೆಗಾರರನ್ನು ಕರೆಸಿ ಆ ತಳಿಯನ್ನು ಇಲ್ಲಿ ಬೆಳೆಸಲು ನೋಡಿತು. ಜವಾರಿ ಹತ್ತಿಯ ಪಕ್ಕದಲ್ಲಿ ವಿಲಾಯತಿ ಹತ್ತಿ ಬೇರೂರಿತು. ಯುದ್ಧದಲ್ಲಿ ದಕ್ಷಿಣದ ಬಂದರುಗಳು ಮುಚ್ಚಿ ಲ್ಯಾಂಕಾಶೈರಿನ ಗಿರಣಿಗಳು ಹತ್ತಿಗಾಗಿ ಬಾಯಿಬಿಟ್ಟಾಗ ಹುಬ್ಬಳ್ಳಿ, ಗದಗದ ಎರೆಹೊಲಗಳ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು, ಅದನ್ನು ಸಾಗಿಸಲೆಂದೇ ಕಾರವಾರದ ಬಂದರಿನ ಯೋಜನೆಗೆ ಜೀವ ಬಂತು. ಟಾರಾವನ್ನು ತಟ್ಟಿದ ಯುದ್ಧದ ಕಾವು ಹೀಗೆ ಮಲಪ್ರಭೆಯ ಆಚೀಚಿನ ರೈತರಿಗೂ ತಾಗಿತ್ತು.

ಮಿಚೆಲ್‌ಳ ಪುಸ್ತಕ ಬಂದ ಅದೇ 1936ರಲ್ಲಿ ವಿಲಿಯಂ ಫಾಕ್ನರ್‌ನ ‘ಅಬ್ಸಲಂ, ಅಬ್ಸಲಂ!’ ಕೂಡ ಬಂತು. ಕೊಂಡವರು ಕೆಲವೇ ಸಾವಿರ. ಆದರೆ ಈ ಸಮೀಕ್ಷೆಯ ನಡುಗಂಬ ಅದೇ. ಥಾಮಸ್ ಸಟ್‌ಪೆನ್ ಎಂಬವನು 1833ರಲ್ಲಿ ಎಲ್ಲಿಂದಲೋ ಮಿಸಿಸಿಪಿಯ ಊರೊಂದಕ್ಕೆ ಬಂದು ಕಾಡು ಕಡಿದು ತೋಟ ಮಾಡಿ, ಊರ ವ್ಯಾಪಾರಿಯ ಮಗಳನ್ನು ಮದುವೆಯಾಗಿ, ಹೆನ್ರಿ ಮತ್ತು ಜೂಡಿತ್ ಎಂಬ ಮಕ್ಕಳನ್ನು ಪಡೆಯುತ್ತಾನೆ. ವಿಶ್ವವಿದ್ಯಾಲಯಕ್ಕೆ ಹೋದ ಹೆನ್ರಿ ಗೆಳೆಯ ಚಾರ್ಲ್ಸ್ ಬಾನ್‌ನನ್ನು ಮನೆಗೆ ಕರೆತರುತ್ತಾನೆ. ತಂಗಿಗೂ ಅವನಿಗೂ ಮದುವೆಯ ಮಾತಾಗುತ್ತದೆ. 1860ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಮನೆಯ ಪುಸ್ತಕದ ಕೋಣೆಯಲ್ಲಿ ತಂದೆ ಮಗನಿಗೆ ಏನೋ ಹೇಳುತ್ತಾನೆ. ಹೆನ್ರಿ ತನ್ನ ಹಕ್ಕನ್ನೆಲ್ಲ ಅಲ್ಲೇ ಬಿಟ್ಟು ಗೆಳೆಯನ ಜೊತೆ ಕುದುರೆ ಏರಿ ಹೊರಟುಹೋಗುತ್ತಾನೆ. ದಕ್ಷಿಣ ಕ್ಯಾರಲೈನಾ ಒಕ್ಕೂಟ ಬಿಟ್ಟದ್ದು ಡಿಸೆಂಬರ್ 20ಕ್ಕೆ. ಈ ಮನೆ ಒಡೆದದ್ದು ನಾಲ್ಕು ದಿನದ ನಂತರ. ಇಬ್ಬರೂ ಒಂದೇ ಪಡೆಯಲ್ಲಿ ನಾಲ್ಕು ವರ್ಷ ಹೋರಾಡುತ್ತಾರೆ. 1865ರಲ್ಲಿ, ಯುದ್ಧ ಮುಗಿದ ಮೇಲೆ, ತಂದೆಯ ಮನೆಯ ಗೇಟಿನ ಮುಂದೆ ಹೆನ್ರಿ ಬಾನ್‌ನನ್ನು ಗುಂಡಿಟ್ಟು ಕೊಲ್ಲುತ್ತಾನೆ.

ಯಾಕೆ ಕೊಂದ? 1910ರಲ್ಲಿ ಹಾರ್ವರ್ಡಿನ ಚಳಿಗೆ ಮುದುಡಿ ಕೂತ ಇಬ್ಬರು ಹುಡುಗರು, ಒಬ್ಬ ಮಿಸಿಸಿಪಿಯವನು ಇನ್ನೊಬ್ಬ ಕೆನಡಾದವನು, ಕೇಳಿದ ಚೂರುಪಾರುಗಳನ್ನು ಕೂಡಿಸುತ್ತಾ ಇದನ್ನೇ ಬಗೆಯುತ್ತಾರೆ. ಬಾನ್ ಸಟ್‌ಪೆನ್ನನ ಮೊದಲ ಹೆಂಡತಿಯ ಮಗ, ಹೆನ್ರಿಯ ಅಣ್ಣ. ತಂಗಿಯನ್ನು ಅಣ್ಣನೇ ಮದುವೆಯಾಗುವುದನ್ನಾದರೂ ಹೆನ್ರಿ ಹೇಗೋ ಒಪ್ಪಲು ತಯಾರಾಗುತ್ತಾನೆ. ಬಾನ್‌ನ ತಾಯಿಯಲ್ಲಿ ಕಪ್ಪು ರಕ್ತದ ಹನಿಯಿತ್ತೆಂಬುದನ್ನು ಒಪ್ಪಲಾರ. ಇಡೀ ಪ್ರಕಾರ ನೂರು ವರ್ಷ ಬೇರೆ ಬೇರೆಯಾಗಿ ಇಟ್ಟಿದ್ದ ಎರಡು ಒಡಕುಗಳನ್ನು ಫಾಕ್ನರ್ ಒಂದೇ ಗುಂಡಿನ ಸದ್ದಿನಲ್ಲಿ ಸೇರಿಸಿದ. ಬಾನ್ ಬಯಸಿದ್ದು ಆಸ್ತಿಯನ್ನಲ್ಲ, ನೀನು ನನ್ನ ಮಗ ಎಂದು ತಂದೆ ಒಮ್ಮೆ ಗುರುತಿಸಿದರೆ ಸಾಕಿತ್ತು ಎಂದು ಆ ಹುಡುಗರು ಊಹಿಸುತ್ತಾರೆ. ಇಷ್ಟೇ ಅಲ್ಲ, ಸಟ್‌ಪೆನ್ನ‌ನಿಗೆ ಗುಲಾಮಳಲ್ಲಿ ಹುಟ್ಟಿದ ಕ್ಲೈಟಿ ಆ ಮನೆಯಲ್ಲೇ ಇದ್ದಾಳೆ. ಕಡೆಗೆ ಮನೆಗೆ ಬೆಂಕಿಯಿಡುವವಳು ಅವಳೇ. ಹೆನ್ರಿಯ ತಾಯಿಯ ತಂದೆ, ಯುದ್ಧವನ್ನು ಒಪ್ಪದ ವ್ಯಾಪಾರಿ ಕೋಲ್ಡ್‌ಫೀಲ್ಡ್, ಅಟ್ಟ ಹತ್ತಿ ಒಳಗಿನಿಂದ ಮೊಳೆ ಹೊಡೆದುಕೊಂಡು ಅಲ್ಲೇ ಉಪವಾಸದಿಂದ ಸಾಯುತ್ತಾನೆ.

1942ರ ‘ಗೋ ಡೌನ್, ಮೋಸಸ್’ನಲ್ಲಿ ಫಾಕ್ನರ್ ಇದನ್ನೇ ಲೆಕ್ಕದ ಪುಸ್ತಕದ ಮೂಲಕ ಹೇಳಿದ. ಹದಿನಾರರ ಐಸಾಕ್ ಮೆಕಾಸ್ಲಿನ್ ತೋಟದ ಹಳೆಯ ಖಾತೆಗಳನ್ನು ಓದುತ್ತಾನೆ. ಕೊಂಡದ್ದು, ಹುಟ್ಟಿದ್ದು, ಸತ್ತದ್ದು, ಒಂದೊಂದು ಸಾಲು. ಆ ಸಾಲುಗಳ ನಡುವೆ ತಾತ ತನ್ನದೇ ಗುಲಾಮ ಮಗಳಲ್ಲಿ ಮಗುವನ್ನು ಪಡೆದನೆಂಬುದು ಅವನಿಗೆ ಹೊಳೆಯುತ್ತದೆ. ಇಪ್ಪತ್ತೊಂದಕ್ಕೆ ಕಾಲಿಟ್ಟಾಗ ಅವನು ಪಿತ್ರಾರ್ಜಿತವನ್ನೇ ಬೇಡವೆನ್ನುತ್ತಾನೆ. ಬೇಡವೆಂದ ಮಾತ್ರಕ್ಕೆ ಋಣ ಹರಿಯಿತೇ ಎಂಬುದನ್ನು ಫಾಕ್ನರ್ ತೀರ್ಮಾನಿಸುವುದಿಲ್ಲ.

ಕವಿ ಆಲೆನ್ ಟೇಟ್ ಬರೆದ ಒಂದೇ ಕಾದಂಬರಿ ‘ದಿ ಫಾದರ್ಸ್’, 1938ರದು. ಇದನ್ನು ಓದಿದವರು ಕಡಿಮೆ, ಓದಬೇಕಾದದ್ದು. ವರ್ಜೀನಿಯಾದ ಉತ್ತರದಂಚಿನ ಬಕನ್ ಮನೆತನ, 1860ರ ವಸಂತದಲ್ಲಿ ತಾಯಿಯ ಶವಸಂಸ್ಕಾರದಿಂದ ಆರಂಭ. ಮೇಜರ್ ಬಕನ್ ಒಕ್ಕೂಟನಿಷ್ಠ, ಮಗ ಸೆಮ್ಸ್ ದಕ್ಷಿಣದ ಪರ, ತಂದೆ ಅವನನ್ನು ಮಗನಲ್ಲವೆನ್ನುತ್ತಾನೆ. ಅಳಿಯ ಜಾರ್ಜ್ ಪೋಸಿ ಒಂದು ಕುದುರೆ ಕೊಳ್ಳಲು ಗುಲಾಮನೊಬ್ಬನನ್ನು ಮಾರಿದ್ದಾನೆ. ಆ ಗುಲಾಮ ಯೆಲ್ಲೋ ಜಿಮ್ ಅವನ ತಂದೆಗೇ ಹುಟ್ಟಿದವನು. ಆ ಮಾರಾಟದಿಂದ ಎದ್ದ ಕೇಡು ಸುತ್ತಿ ಬಂದು ಸೆಮ್ಸ್ ಜಿಮ್‌ನನ್ನು ಕೊಲ್ಲುತ್ತಾನೆ, ಜಾರ್ಜ್ ಸೆಮ್ಸ್‌ನನ್ನು ಕೊಲ್ಲುತ್ತಾನೆ. ಒಕ್ಕೂಟದ ಪಡೆ ಮನೆ ಸುಡಲು ಬಂದಾಗ ಮೇಜರ್, ನಾನು ನಿಮ್ಮವನೇ ಎಂದು ಒಂದು ಮಾತು ಹೇಳಿದ್ದರೆ ಮನೆ ಉಳಿಯುತ್ತಿತ್ತು. ಹೇಳದೆ ತಾನೇ ನೇಣು ಹಾಕಿಕೊಳ್ಳುತ್ತಾನೆ. ಟೇಟ್ ಹಳೆಯ ದಕ್ಷಿಣದ ಬಗ್ಗೆ ಮೃದುವಾಗಿದ್ದ ಬರಹಗಾರ. ಹಾಗಿದ್ದೂ ಆ ಮಾರಾಟವನ್ನು ಕತೆಯ ಬುಡದಲ್ಲಿ ಇಟ್ಟನಲ್ಲ, ಅದು ಅವನೊಳಗಿನ ಕಲೆಗಾರನ ಸತ್ಯ.

ಈ ಕಾದಂಬರಿಗೆ ಇನ್ನೊಂದು ಗುಣವಿದೆ. ಯುದ್ಧ ಬರುತ್ತದೆಂದು ಓದುಗನಿಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಸೋತ ಐತಿಹಾಸಿಕ ಕಾದಂಬರಿಗಳಲ್ಲಿ ಪಾತ್ರಗಳೂ ಚರಿತ್ರೆಯ ಪುಸ್ತಕ ಓದಿದವರ ಹಾಗೆ ಮಾತಾಡುತ್ತವೆ. ವರ್ಜೀನಿಯಾದ ಸಮಾವೇಶ 1861ರ ಏಪ್ರಿಲ್ 4ರಂದು ಒಕ್ಕೂಟ ಬಿಡುವುದನ್ನು ದೊಡ್ಡ ಬಹುಮತದಿಂದ ತಳ್ಳಿಹಾಕಿತ್ತು. ಸಮ್ಟರ್ ಕೋಟೆಯ ಮೇಲೆ ದಾಳಿಯಾಗಿ ಲಿಂಕನ್ ಸೈನ್ಯಕ್ಕೆ ಕರೆ ಕೊಟ್ಟ ಮೇಲೆ, ಏಪ್ರಿಲ್ 17ರಂದು, 88ಕ್ಕೆ 55ರಂತೆ ಬಿಟ್ಟಿತು. ಹದಿಮೂರು ದಿನ. ಆ ದಿನಗಳಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಎಂದುಕೊಂಡು ಬದುಕಿದ ಮನಸ್ಸುಗಳನ್ನು ಟೇಟ್ ಹಿಡಿದಿದ್ದಾನೆ.

ಇಷ್ಟರವರೆಗೂ ಪೆನ್ನು ಹೆಚ್ಚಾಗಿ ಬಿಳಿಯರ ಕೈಯಲ್ಲಿತ್ತು. ಮಾರ್ಗರೆಟ್ ವಾಕರ್ ಹತ್ತೊಂಬತ್ತರ ವಯಸ್ಸಿನಲ್ಲಿ ಶುರುಮಾಡಿ ಮೂವತ್ತು ವರ್ಷ ತಿದ್ದಿದ ‘ಜುಬಿಲಿ’ 1966ರಲ್ಲಿ ಬಂತು. ಅಜ್ಜಿ ಮಲಗುವ ಹೊತ್ತಿಗೆ ಹೇಳುತ್ತಿದ್ದ ಮುತ್ತಜ್ಜಿಯ ಕತೆ ಅದು. ಜಾರ್ಜಿಯಾದ ತೋಟದೊಡೆಯ ಜಾನ್ ಡಟನ್‌ಗೆ ಗುಲಾಮ ಹೆಟಾಳಲ್ಲಿ ಹುಟ್ಟಿದ ವೈರಿ ನೋಡಲು ಒಡೆಯನ ಮಗಳು ಲಿಲಿಯನ್‌ಳ ಹಾಗೆಯೇ ಇದ್ದಾಳೆ. ಈ ಹೋಲಿಕೆಯೇ ಯಜಮಾನಿಗೆ ಉರಿ. ಮಗುವನ್ನು ಹೆಬ್ಬೆರಳು ಕಟ್ಟಿ ನೇತುಹಾಕುತ್ತಾಳೆ. ಯುದ್ಧ ಎಲ್ಲವನ್ನೂ ನುಂಗಿದ ಮೇಲೆ ಬುದ್ಧಿ ಕಳೆದುಕೊಂಡ ಲಿಲಿಯನ್‌ಳನ್ನು ನೋಡಿಕೊಳ್ಳುವವಳು ವೈರಿಯೇ. ವಾಕರ್ ಇಲ್ಲಿ ಸೊಪ್ಪು ಆರಿಸುವುದು, ಸೋಪು ಕುದಿಸುವುದು, ಬೇನೆ ತಿನ್ನುವುದು ಎಲ್ಲವನ್ನೂ ಬಿಡದೆ ಬರೆದಿದ್ದಾರೆ, ಮಿಚೆಲ್‌ಳ ಅಡುಗೆಮನೆಯ ಒಳಗೆ ಹೋಗಿ ನೋಡಿದಂತೆ.

ಆಕ್ಟೇವಿಯಾ ಬಟ್ಲರ್‌ಳ ‘ಕಿಂಡ್ರೆಡ್’ (1979) ಬೇರೆ ದಾರಿ ಹಿಡಿಯಿತು. 1976ರ ಕ್ಯಾಲಿಫೋರ್ನಿಯಾದ ಕಪ್ಪು ಬರಹಗಾರ್ತಿ ಡೇನಾ ಇದ್ದಕ್ಕಿದ್ದಂತೆ ಯುದ್ಧಪೂರ್ವ ಮೇರಿಲ್ಯಾಂಡಿಗೆ ಎಳೆಯಲ್ಪಡುತ್ತಾಳೆ. ತೋಟದೊಡೆಯನ ಮಗ ರೂಫಸ್ ಅವಳ ಪೂರ್ವಜ. ಅವನು ಬದುಕಿದರೆ ಮಾತ್ರ ಅವಳು ಹುಟ್ಟುವುದು. ಅವನನ್ನು ಕಾಪಾಡುವುದೆಂದರೆ ಅವನು ಇನ್ನೊಬ್ಬ ಹೆಣ್ಣಿನ ಮೇಲೆ ಮಾಡುವ ಬಲಾತ್ಕಾರಕ್ಕೂ ಕಣ್ಣುಮುಚ್ಚುವುದು. ಕಡೆಯ ಸಲ ವರ್ತಮಾನಕ್ಕೆ ಮರಳುವಾಗ ಡೇನಾಳ ಒಂದು ತೋಳು ಗೋಡೆಯಲ್ಲೇ ಉಳಿಯುತ್ತದೆ.

ಜನಪ್ರಿಯ ಸಾಹಿತ್ಯದಲ್ಲಿ ಜಾನ್ ಜೇಕ್ಸ್‌ನ 1982ರ ‘ನಾರ್ತ್ ಅಂಡ್ ಸೌತ್’ ಮತ್ತು ಅದರ ಮೇಲೆ 1985ರಲ್ಲಿ ಬಂದ ಟಿವಿ ಸರಣಿ ಲಕ್ಷಾಂತರ ಮನೆ ಮುಟ್ಟಿದವು. ದಕ್ಷಿಣ ಕ್ಯಾರಲೈನಾದ ಮೇನ್ ಕುಟುಂಬ, ಪೆನ್ಸಿಲ್ವೇನಿಯಾದ ಹಜಾರ್ಡ್ ಕುಟುಂಬ, ವೆಸ್ಟ್ ಪಾಯಿಂಟಿನಲ್ಲಿ ಚಿಗುರಿದ ಗೆಳೆತನ. ಗುಲಾಮಗಿರಿ ತಪ್ಪೆಂದು ಹೇಳಿ ತಂದೆಯ ಕೋಪಕ್ಕೆ ಗುರಿಯಾಗುವ ಕೂಪರ್ ಮೇನ್ ಪಾತ್ರ ಅದರಲ್ಲಿ ಗಟ್ಟಿಯಾದದ್ದು.

ಎಡ್ವರ್ಡ್ ಪಿ. ಜೋನ್ಸ್ 2003ರಲ್ಲಿ ಬರೆದು ಮರುವರ್ಷ ಪುಲಿಟ್ಜರ್ ಪಡೆದ ‘ದಿ ನೋನ್ ವರ್ಲ್ಡ್’ ಇಡೀ ಪ್ರಶ್ನೆಯನ್ನು ತಲೆಕೆಳಗು ಮಾಡಿ ನೋಡಿತು. ವರ್ಜೀನಿಯಾದ ಕಾಲ್ಪನಿಕ ಜಿಲ್ಲೆಯೊಂದರಲ್ಲಿ ಬಡಗಿ ಆಗಸ್ಟಸ್ ಟೌನ್ಸೆಂಡ್ ವರ್ಷಗಟ್ಟಲೆ ದುಡಿದು ತನ್ನನ್ನೂ, ಹೆಂಡತಿಯನ್ನೂ, ಮಗ ಹೆನ್ರಿಯನ್ನೂ ಕೊಂಡು ಬಿಡಿಸಿಕೊಳ್ಳುತ್ತಾನೆ. ಬಿಡುಗಡೆಯಾದ ಮಗ ದೊಡ್ಡವನಾಗಿ ತಾನೇ ಗುಲಾಮರನ್ನು ಕೊಳ್ಳುತ್ತಾನೆ. ಕಪ್ಪು ಜನರಲ್ಲಿ ಗುಲಾಮರ ಒಡೆಯರು ಕೆಲವರು ನಿಜವಾಗಿಯೂ ಇದ್ದರು, ದಾಖಲೆಗಳಿವೆ. ಮೊದಲ ಮನುಷ್ಯನನ್ನು ಕೊಂಡೆನೆಂದು ಹೆನ್ರಿ ಬಂದು ಹೇಳಿದ ದಿನ ತಂದೆ ಕೋಲು ತೆಗೆದು ಮಗನ ಹೆಗಲಿಗೆ ಬಾರಿಸಿ, ಗುಲಾಮನಿಗೆ ಹೀಗನ್ನಿಸುತ್ತದೆ ಎನ್ನುತ್ತಾನೆ. ಮಗ ಕೋಲನ್ನು ಕಸಿದು ಮುರಿದು, ಒಡೆಯನಿಗೆ ಹೀಗನ್ನಿಸುತ್ತದೆ ಎನ್ನುತ್ತಾನೆ. ಅಣ್ಣತಮ್ಮಂದಿರ ಕತ್ತಿವರಸೆಯ ನೂರು ದೃಶ್ಯಗಳಿಗಿಂತ ಈ ಒಂದು ಗಳಿಗೆ ತೂಕದ್ದು. ಮುಂದೆ ಆಗಸ್ಟಸ್‌ನ ಬಿಡುಗಡೆಯ ಕಾಗದವನ್ನು ಗಸ್ತಿನವನೊಬ್ಬ ಅಗಿದು ನುಂಗಿ, ಅವನನ್ನು ಮತ್ತೆ ಗುಲಾಮನಾಗಿ ಮಾರಿಬಿಡುತ್ತಾನೆ.

ಹಳೆಯ ಕತೆಗಳ ಒಳಗಿಂದಲೇ ಮರುಮಾತಾಡುವ ಬರಹಗಳೂ ಬಂದವು. ಆಲಿಸ್ ರ‍್ಯಾಂಡಲ್ 2001ರಲ್ಲಿ ‘ದಿ ವಿಂಡ್ ಡನ್ ಗಾನ್’ ಬರೆದು, ಟಾರಾದಲ್ಲಿ ಸ್ಕಾರ್ಲೆಟ್‌ಗೆ ಗುಲಾಮಳಾಗಿ ಹುಟ್ಟಿದ ಒಬ್ಬ ತಂಗಿ ಇದ್ದಳೆಂದು ಕಲ್ಪಿಸಿದರು. ಮಿಚೆಲ್‌ಳ ಆಸ್ತಿಯ ಟ್ರಸ್ಟಿಗಳು ದಾವೆ ಹೂಡಿದರು. ಮೊದಲು ಸಿಕ್ಕ ತಡೆಯಾಜ್ಞೆಯನ್ನು ಮೇಲ್ಮನವಿಯ ನ್ಯಾಯಾಲಯ ತೆಗೆದುಹಾಕಿತು. ಟಾರಾದಲ್ಲಿ ಅಂಥ ತಂಗಿಗೆ ಜಾಗವಿಲ್ಲವೆಂದು ಹೇಳಲು ಕೋರ್ಟಿಗೆ ಹೋಗಬೇಕಾಯಿತು ಎಂಬುದು ಯೋಚಿಸುವಂಥದು. ಪರ್ಸಿವಲ್ ಎವರೆಟ್‌ನ 2024ರ ‘ಜೇಮ್ಸ್’ ಮಾರ್ಕ್ ಟ್ವೇನ್‌ನ ಕಾದಂಬರಿಯ ಹುಡುಗ ಹಕ್ ಮತ್ತು ಗುಲಾಮ ಜಿಮ್‌ರನ್ನು ಯುದ್ಧದ ಬಾಗಿಲಿಗೆ ತಂದು ನಿಲ್ಲಿಸಿ, ಹಕ್ ಜಿಮ್‌ನ ಸ್ವಂತ ಮಗ ಎಂದು ತೆರೆದಿಡುತ್ತದೆ. ಅದಕ್ಕೆ ನ್ಯಾಷನಲ್ ಬುಕ್ ಅವಾರ್ಡ್ ಬಂತು, ಮರುವರ್ಷ ಪುಲಿಟ್ಜರ್ ಕೂಡ.

ಸೂ ಮಂಕ್ ಕಿಡ್‌ಳ ‘ದಿ ಇನ್ವೆನ್ಶನ್ ಆಫ್ ವಿಂಗ್ಸ್’ (2014) ನಿಜವಾದ ಮನೆಯೊಂದನ್ನು ಆಧರಿಸಿದ್ದು. ಚಾರ್ಲ್ಸ್ಟನ್ನಿನ ನ್ಯಾಯಾಧೀಶ ಗ್ರಿಮ್ಕೆಯ ಹೆಣ್ಣುಮಕ್ಕಳು ಸಾರಾ ಮತ್ತು ಏಂಜಲಿನಾ, ಗುಲಾಮರಿದ್ದ ಮನೆಯಲ್ಲೇ ಬೆಳೆದು ಅದನ್ನು ತಾಳಲಾರದೆ 1820ರ ದಶಕದಲ್ಲಿ ಫಿಲಡೆಲ್ಫಿಯಾ ಸೇರಿದರು. 1836ರಲ್ಲಿ, ಟಕರ್‌ನ ಕಾದಂಬರಿ ಬಂದ ವರ್ಷವೇ, ದಕ್ಷಿಣದ ಕ್ರೈಸ್ತ ಹೆಂಗಸರಿಗೆ ಏಂಜಲಿನಾ ಬರೆದ ಮನವಿ ಅಚ್ಚಾಯಿತು. ಕಿಡ್ ಸಾರಾಳ ಕತೆಯ ಜೊತೆಗೆ ಅವಳಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬಂದ ಗುಲಾಮ ಹುಡುಗಿ ಹೆಟಿಯ ಕತೆಯನ್ನೂ ಒಂದೊಂದು ಅಧ್ಯಾಯ ಬಿಟ್ಟು ಒಂದರಂತೆ ಹೇಳುತ್ತಾರೆ. ಸಾರಾಳಿಗಿಂತ ಹೆಟಿಯ ದನಿಗೆ ಹೆಚ್ಚು ಜೀವವಿದೆ.

ಆದರೆ ಗ್ರಿಮ್ಕೆ ಮನೆಯ ಕತೆ ಕಿಡ್‌ಳ ಕಾದಂಬರಿ ನಿಲ್ಲುವಲ್ಲಿ ಮುಗಿಯುವುದಿಲ್ಲ. ಸೋದರಿಯರ ಒಬ್ಬ ಸೋದರ ಹೆನ್ರಿ ಊರಲ್ಲೇ ಉಳಿದ. ಹೆಂಡತಿ ಸತ್ತ ಮೇಲೆ ತನ್ನ ಗುಲಾಮ ನ್ಯಾನ್ಸಿ ವೆಸ್ಟನ್‌ಳಲ್ಲಿ ಮೂವರು ಗಂಡುಮಕ್ಕಳನ್ನು ಪಡೆದ. 1852ರಲ್ಲಿ ಸಾಯುವಾಗ ಅವರನ್ನು ಮದುವೆಯ ಮಗ ಮಾಂಟೇಗ್‌ಗೆ ಒಪ್ಪಿಸಿ, ಮನೆಯವರಂತೆ ನೋಡಿಕೋ ಎಂದ. 1860ರಲ್ಲಿ ಮಾಂಟೇಗ್ ತನ್ನ ತಮ್ಮಂದಿರನ್ನು ಆಳುಗಳಾಗಿ ಮನೆಗೆ ಎಳೆದುಕೊಂಡ. ಅವರಲ್ಲಿ ಆರ್ಚಿಬಾಲ್ಡ್ ತಪ್ಪಿಸಿಕೊಂಡು ಚಾರ್ಲ್ಸ್ಟನ್ನಿನಲ್ಲೇ ಅವಿತು ಯುದ್ಧ ಕಳೆದ; ಓಡಿಹೋದ ಫ್ರಾನ್ಸಿಸ್ ಸಿಕ್ಕಿಬಿದ್ದಾಗ ಅಣ್ಣ ಅವನನ್ನು ಮಾರಿದ.

1868ರಲ್ಲಿ, ಮ್ಯಾಸಚೂಸೆಟ್ಸ್‌ನ ಹೈಡ್ ಪಾರ್ಕಿನಲ್ಲಿದ್ದ ಏಂಜಲಿನಾ ಪತ್ರಿಕೆಯೊಂದರಲ್ಲಿ ಕಪ್ಪು ಯುವಕರ ಲಿಂಕನ್ ವಿಶ್ವವಿದ್ಯಾಲಯದ ವರದಿ ಓದುತ್ತಾ ಗ್ರಿಮ್ಕೆ ಎಂಬ ಹೆಸರನ್ನು ಕಂಡಳು. ಅಪರೂಪದ ಹೆಸರು. ನೀವು ನನ್ನ ಸೋದರರಲ್ಲಿ ಯಾರೊಬ್ಬರ ಗುಲಾಮರಾಗಿದ್ದಿರೇ ಎಂದು ವಿಚಾರಿಸಿ ಕಾಗದ ಬರೆದಳು. ಆರ್ಚಿಬಾಲ್ಡ್ ತಾನು ಯಾರ ಮಗ ಎಂದು ವಿವರವಾಗಿ ಉತ್ತರ ಬರೆದ. ಏಂಜಲಿನಾ ಆ ಸೋದರರನ್ನು ತನ್ನ ಅಣ್ಣನ ಮಕ್ಕಳೆಂದೇ ಒಪ್ಪಿಕೊಂಡು ನೋಡಲು ಹೋದಳು, ಓದಿಗೆ ನೆರವಾದಳು. ಫ್ರಾನ್ಸಿಸ್ ವಾಷಿಂಗ್ಟನ್ನಿನಲ್ಲಿ ಪಾದ್ರಿಯಾದ. ಆರ್ಚಿಬಾಲ್ಡ್ ಹಾರ್ವರ್ಡಿನಲ್ಲಿ ಕಾನೂನು ಓದಿ ವಕೀಲನಾದ. 1880ರಲ್ಲಿ ಮಗಳು ಹುಟ್ಟಿದಾಗ ಅತ್ತೆಯ ನೆನಪಿಗೆ ಏಂಜಲಿನಾ ಎಂದೇ ಹೆಸರಿಟ್ಟ. ಆ ಮಗಳು ಬೆಳೆದು ಕವಿಯಾದಳು, ಅವಳು ಬರೆದ ‘ರೇಚಲ್’ ನಾಟಕ 1916ರಲ್ಲಿ ವಾಷಿಂಗ್ಟನ್ನಿನ ರಂಗದ ಮೇಲೆ ಬಂತು.